ಮೂರು ತಪ್ಪುಗಳ ಶಿಫಾರಸು

ಯಾರಾದರೂ ಗಂಟೆ ಎಷ್ಟಾಯಿತೆಂದು ಕೇಳಿದರೆ ನಮ್ಮ ಮೇಷ್ಟ್ರು ಕೈಗಡಿಯಾರ ನೋಡಿ, ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಒಂದು ಕ್ಷಣ ಯೋಚಿಸಿ, "ಹನ್ನೊಂದೂ ಕಾಲು, ಒಂದು ನಿಮಿಷ ಆಚೆ ಈಚೆ" ಎನ್ನುತ್ತಿದ್ದರು. ಯಾವ ಅಳತೆಯನ್ನೂ ಅದರ ಅನುಮಾನವನ್ನು ಜೊತೆಗಿಡದೆ ಅವರು ಬಾಯಿಂದ ಹೊರಬಿಟ್ಟವರಲ್ಲ. ತರಗತಿಗೆ ಎಷ್ಟು ಜನ ಬಂದಿದ್ದಾರೆಂದು ಕೇಳಿದಾಗ ಮಾತ್ರ ಖಚಿತವಾದ ಸಂಖ್ಯೆ ಹೇಳುತ್ತಿದ್ದರು, ಅದೂ ಎರಡು ಸಲ ಎಣಿಸಿ. ಹೀಗಾಗಿ ಭೌತವಿಜ್ಞಾನ ವಿಭಾಗದಲ್ಲಿ ಅವರಿಗೆ 'ಆಚೆ ಈಚೆ ಮೇಷ್ಟ್ರು' ಎಂಬ ಹೆಸರು ಬಿದ್ದಿತ್ತು. ನಾನು ಅಲ್ಲಿಗೆ ವಿದ್ಯಾರ್ಥಿಯಾಗಿ ಸೇರುವ ಹೊತ್ತಿಗೆ ಅವರ ನಿಜನಾಮಧೇಯ ಬಾಗಿಲ ಮೇಲಿನ ಫಲಕವೊಂದನ್ನು ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಮೊಣಕೈಯಲ್ಲಿ ತೇಪೆ ಹಾಕಿದ ಕಂದು ಕೋಟು, ಅದರ ಎಡಜೇಬಿನಲ್ಲಿ ಉಕ್ಕಿನ ಅಡಿಪಟ್ಟಿ, ಬಲಜೇಬಿನಲ್ಲಿ ಭೂತಗನ್ನಡಿ. ನಡಿಗೆಯೂ ವಿಚಿತ್ರ: ನಾಲ್ಕು ಹೆಜ್ಜೆ ಸರಸರನೆ ಹೋಗಿ ಗಕ್ಕನೆ ನಿಲ್ಲುವುದು, ಏನೋ ನೆನಪಾದಂತೆ ತಲೆಯಾಡಿಸುವುದು, ಮತ್ತೆ ನಾಲ್ಕು ಹೆಜ್ಜೆ. ಹಿಂದೆ ಬರುತ್ತಿದ್ದವರು ಮೆಟ್ಟಿಲ ಮೇಲೆ ಅವರಿಗೆ ಡಿಕ್ಕಿ ಹೊಡೆಯುವುದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಕ್ಷಮೆ ಕೇಳುತ್ತಿದ್ದವರು ಮಾತ್ರ ಯಾವಾಗಲೂ ಅವರೇ. ಬೆಳಕು ಏರಿಳಿಯುವ ನಕ್ಷತ್ರಗಳು ಅವರ ಜೀವಮಾನದ ಕೆಲಸ. ಹಳೆಯ ವೀಕ್ಷಣಾಲಯವೊಂದು ಮುಚ್ಚಿದಾಗ ವಿಭಾಗಕ್ಕೆ ಬಂದ ಗಾಜಿನ ಛಾಯಾಫಲಕಗಳನ್ನು ಒಂದೊಂದಾಗಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ನಕ್ಷತ್ರಗಳು ಅಲ್ಲಿ ಮೂಡಿಸಿದ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳನ್ನು ಅಳೆದು, ಹೋದ ಶತಮಾನದಲ್ಲಿ ಯಾವ ನಕ್ಷತ್ರ ಎಂದು ಮಂಕಾಗಿತ್ತು, ಎಂದು ಬೆಳಗಿತ್ತು ಎಂದು ಪಟ್ಟಿ ಮಾಡುತ್ತ ಕುಳಿತಿರುತ್ತಿದ್ದರು.

ಅವರ ಹೆಂಡತಿ ನಗುಮುಖದವರು, ಗಂಡನನ್ನು ರೇಗಿಸುವುದರಲ್ಲಿ ನಮಗಿಂತ ಒಂದು ಕೈ ಮೇಲು. ಮದುವೆಗೆ ಮುಂಚೆ ತಾನು ಇಷ್ಟವೇ ಎಂದು ಕೇಳಿದ್ದಕ್ಕೆ "ಈವರೆಗಿನ ಮಾಹಿತಿ ಪ್ರಕಾರ ಹೌದು" ಎಂದರಂತೆ. "ಮೂವತ್ತೊಂದು ವರ್ಷ ಆಯ್ತು, ಇನ್ನೂ ಮಾಹಿತಿ ಕಲೆಹಾಕ್ತಾನೇ ಇದಾರೆ" ಎಂದು ಆಕೆ ಹೇಳುವಾಗ ಮೇಷ್ಟ್ರು ಚಹದ ಲೋಟದೊಳಗೆ ಮುಖ ಬಚ್ಚಿಟ್ಟುಕೊಳ್ಳುತ್ತಿದ್ದರು. ಮಕ್ಕಳಿರಲಿಲ್ಲ.

ನಾನು ಓದು ಮುಗಿಸಿ ಹೊರಬಿದ್ದ ಕೆಲವು ವರ್ಷಗಳ ಮೇಲೆ ಅವರ ಬಳಿ ಒಬ್ಬ ಹುಡುಗಿ ಬಂದಳು. ಹುಡುಗಿ ಎಂದೆ, ವಿಭಾಗದ ಮಕ್ಕಳೆಲ್ಲ ಅವಳನ್ನು 'ಅಕ್ಕ' ಎನ್ನುತ್ತಿದ್ದರು. ಬಸ್ಸು ಓಡಿಸುತ್ತಿದ್ದ ಅಪ್ಪ ಹಾಸಿಗೆ ಹಿಡಿದಾಗ ಓದು ಬಿಟ್ಟು, ಅವರನ್ನು ಕೊನೆಯತನಕ ನೋಡಿಕೊಂಡು, ಜೊತೆಯವರೆಲ್ಲ ಎಲ್ಲೆಲ್ಲೋ ನೆಲೆಗೊಂಡ ಮೇಲೆ ಮತ್ತೆ ಪುಸ್ತಕ ಹಿಡಿದವಳು. ಮಾತು ಕಡಿಮೆ. ನಾಲ್ಕು ವರ್ಷ ಮೇಷ್ಟ್ರ ಎದುರಿನ ಕುರ್ಚಿಯಲ್ಲಿ ಕುಳಿತು ಆ ಗಾಜುಗಳನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅಳೆದಳು. ಒಂದು ನಕ್ಷತ್ರದ ಏರಿಳಿತದ ಅವಧಿ ನಿಧಾನವಾಗಿ ಕುಗ್ಗುತ್ತಿದೆಯೆಂಬುದನ್ನು ಮೊದಲು ಗುರುತಿಸಿದವಳು ಅವಳೇ. ಮೇಷ್ಟ್ರು ಹದಿನೈದು ವರ್ಷ ಅದೇ ಚುಕ್ಕೆಯನ್ನು ನೋಡಿಯೂ ಕಾಣದೆ ಹೋಗಿದ್ದರು. ಇದನ್ನು ಅವರು ಸಿಕ್ಕಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದರು.

ಅವಳ ನಾಲ್ಕನೆಯ ವರ್ಷ ನಾನು ಹೊಸದಾಗಿ ಸೇರಿದ್ದ ಸಂಸ್ಥೆಯಿಂದ ಪ್ರಕಟಣೆ ಹೊರಟಿತು: ಖಗೋಳವಿಜ್ಞಾನ ಮತ್ತು ಖಗೋಳಭೌತವಿಜ್ಞಾನದಲ್ಲಿ ಸಂಶೋಧನೆಗೆ ಅವಕಾಶ, ಎರಡು ಸ್ಥಾನ, ವಯಸ್ಸು ಇಪ್ಪತ್ತೆಂಟು ಮೀರಿರಬಾರದು. ಅವಳಿಗೆ ಇಪ್ಪತ್ತೆಂಟು ತುಂಬಲು ಐದು ತಿಂಗಳಿತ್ತು. ಅಂದರೆ ಅದೊಂದೇ ಸಲ. ತಪ್ಪಿದರೆ ಆ ಬಾಗಿಲು ಮತ್ತೆ ತೆರೆಯುವಂತಿರಲಿಲ್ಲ.

ಅರ್ಜಿಯ ಜೊತೆ ಗುರುಗಳ ಶಿಫಾರಸು ಪತ್ರ ಬೇಕು; ಅದನ್ನು ಗುರುಗಳು ನೇರವಾಗಿ ಕಳಿಸಬೇಕು, ವಿದ್ಯಾರ್ಥಿ ನೋಡಕೂಡದು. ಈ ಪತ್ರಗಳ ಲೋಕವೇ ಬೇರೆ. ಅಲ್ಲಿ ಸಾಧಾರಣ ವಿದ್ಯಾರ್ಥಿ ಪ್ರತಿಭಾವಂತ, ಪ್ರತಿಭಾವಂತ ಅಸಾಧಾರಣ, ಇನ್ನು ಅಸಾಧಾರಣನಾದವನು ದಶಕಕ್ಕೊಬ್ಬನೇ ಹುಟ್ಟುವಂಥವನು. ಎಲ್ಲರನ್ನೂ ಹೊಗಳಿ ಅಟ್ಟಕ್ಕೇರಿಸುವುದೇ ರೂಢಿಯಾದ್ದರಿಂದ ಓದುವವರು ಪ್ರತಿಯೊಂದು ವಿಶೇಷಣವನ್ನೂ ಎರಡು ಮೆಟ್ಟಿಲು ಕೆಳಗಿಳಿಸಿಯೇ ಓದುತ್ತಾರೆ. ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ, ಬಾಗಿಲಿನಿಂದ ಮೂರನೆಯ ಕುರ್ಚಿಯಲ್ಲಿ. ಅರವತ್ತೊಂದು ಅರ್ಜಿಗಳನ್ನು ಸೋಸಿ ಸೋಸಿ, ಒಂದು ಸ್ಥಾನ ತುಂಬಿ, ಉಳಿದ ಒಂದಕ್ಕೆ ಇಬ್ಬರು ಉಳಿದರು. ಅವಳು, ಮತ್ತೊಬ್ಬ. ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಸಮಸಮ. ಅಧ್ಯಕ್ಷರು ಪತ್ರಗಳನ್ನು ತೆಗೆದರು. ಆ ಹುಡುಗನ ಪತ್ರ ಅವನನ್ನು ದಶಕಕ್ಕೊಬ್ಬನೆಂದಿತು. ಮೇಷ್ಟ್ರ ಪತ್ರ ಐದೇ ಸಾಲು; ಇಂದಿಗೂ ನನಗೆ ಬಾಯಿಪಾಠ.

"ಈಕೆ ನಾಲ್ಕು ವರ್ಷ ನನ್ನ ಜೊತೆ ಕೆಲಸ ಮಾಡಿದ್ದಾಳೆ. ಈ ಅವಧಿಯಲ್ಲಿ ಮೂರು ತಪ್ಪು ಮಾಡಿದ್ದಾಳೆ. ಮೂರನ್ನೂ ಈಕೆಯೇ ಕಂಡುಹಿಡಿದಳು, ನನ್ನದೊಂದನ್ನೂ ಕಂಡುಹಿಡಿದಳು. ಸಂಶೋಧನೆಗೆ ಯೋಗ್ಯಳೆಂದು ನನ್ನ ಅಭಿಪ್ರಾಯ. ಒಬ್ಬನ ಅಭಿಪ್ರಾಯದಲ್ಲಿ ಎಷ್ಟು ದೋಷವಿರಬಹುದೋ ಅಷ್ಟು ಇದರಲ್ಲೂ ಇರಬಹುದು."

ಮೇಜಿನ ಸುತ್ತ ನಗೆ ಎದ್ದಿತು. ಅಧ್ಯಕ್ಷರು ಕನ್ನಡಕ ತೆಗೆದಿಟ್ಟು, "ನಾಲ್ಕು ವರ್ಷ ನೋಡಿದ ಮೇಷ್ಟ್ರಿಗೇ ಗ್ಯಾರಂಟಿ ಇಲ್ಲ, ನಮಗೆಲ್ಲಿಂದ ಬರಬೇಕು?" ಎಂದರು. ನಾನು ಸೇರಿ ಎಂಟು ತಿಂಗಳಾಗಿತ್ತಷ್ಟೆ. ನನ್ನ ಗುರುವಿನ ಶಿಷ್ಯೆಯ ಪರ ವಾದಿಸಿದರೆ ಹಿರಿಯರೆದುರು ಪಕ್ಷಪಾತಿ ಎನಿಸಿಕೊಂಡೇನೆಂಬ ಅಂಜಿಕೆ. "ಅವರು ಬರೆಯೋದೇ ಹಾಗೆ" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಎರಡನೆಯ ಸಲ ಹೇಳಲಿಲ್ಲ. ಊಟದ ವೇಳೆಗೆ ಸ್ಥಾನ ಆ ಹುಡುಗನದಾಗಿ ಸಭೆ ಮುಗಿಯಿತು.

ತಿಂಗಳಾದ ಮೇಲೆ ಮೇಷ್ಟ್ರ ಕೋಣೆಗೆ ಹೋದೆ. ಮೇಷ್ಟ್ರು ಸಿಟ್ಟಾಗಿರಲಿಲ್ಲ. ಹೊಸ ನೋಟುಪುಸ್ತಕ ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿ, ಶಿಷ್ಯನ ಹಾಗೆ ಕುಳಿತು, "ಅವಳಿಗೆ ಎಲ್ಲಿ ಕಡಿಮೆ ಬಿತ್ತು ಹೇಳು, ಬರ್ಕೋತೀನಿ. ಇಬ್ಬರೂ ಕೂತು ಸರಿಮಾಡ್ತೀವಿ" ಎಂದರು. ಸುಳ್ಳು ಹೇಳಬಹುದಿತ್ತು. ಆ ಮನುಷ್ಯನ ಮುಖ ನೋಡಿ ಹೇಳುವುದಾಗಲಿಲ್ಲ.

"ಅವಳಲ್ಲಿ ಏನೂ ಕಡಿಮೆ ಬೀಳಲಿಲ್ಲ ಸಾರ್. ಪತ್ರದಲ್ಲಿ ಬಿತ್ತು."

ಅವರು ಪೆನ್ನಿಗೆ ಮುಚ್ಚಳ ಹಾಕಿ, "ಅಷ್ಟು ಒಳ್ಳೇ ಪತ್ರ ನಾನು ಯಾರಿಗೂ ಬರೆದಿಲ್ಲ ಕಣಯ್ಯ" ಎಂದರು. ನಾನು ಆ ಸಮಿತಿಯಲ್ಲಿದ್ದೆನೆಂಬುದು ಅವರಿಗೆ ಗೊತ್ತಿತ್ತು. ನಾನೇನು ಹೇಳಿದೆನೆಂದು ಅವರು ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮರುವರ್ಷ ಪ್ರಕಟಣೆ ಬಂದಾಗ ಅವರೇ ನನ್ನನ್ನು ಕರೆಸಿ, ಜಗತ್ತಿಗೆ ಅರ್ಥವಾಗುವ ಪತ್ರ ಹೇಗಿರುತ್ತದೋ ಹಾಗೆ ಹೇಳು, ಬರೆದುಕೊಳ್ಳುತ್ತೇನೆ ಎಂದರು. ನಾನು ಹೇಳುತ್ತ ಹೋದೆ. ಅವರು ದುಂಡಗಿನ ಅಕ್ಷರದಲ್ಲಿ ಬರೆಯುತ್ತ ಹೋದರು. 'ದಶಕದಲ್ಲಿ ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿನಿ' ಎಂಬಲ್ಲಿ ಪೆನ್ನು ನಿಂತಿತು. ಸುಳ್ಳಾಯಿತೆಂದು ಹಿಂಜರಿದರೇನೋ ಅಂದುಕೊಂಡೆ. ದಶಕವಲ್ಲ, ಮೂವತ್ತಮೂರು ವರ್ಷ ಎಂದು ತಿದ್ದಿದರು. ಜೊತೆಗೆ ವಯಸ್ಸಿನ ನಿಯಮ ಸಡಿಲಿಸಬೇಕೆಂಬ ಬೇಡಿಕೆಯನ್ನೂ ಇಟ್ಟರು. ಯಾರ ಬಳಿಯೂ ಏನನ್ನೂ ಬೇಡಿದವರಲ್ಲ ಅವರು. ನಿಯಮ ಸಡಿಲಿಸಲು ಬರುವುದಿಲ್ಲವೆಂದು ಪತ್ರವೇ ವಾಪಸು ಬಂತು.

ವಾಪಸು ಬಂದ ಪತ್ರವನ್ನು ಅವಳ ಕೈಗೇ ಕೊಡಬೇಕೆಂದು ಹಟ ಹಿಡಿದರು. ನಾನು ಜೊತೆಗೆ ಹೋದೆ. ಅವಳು ಅಷ್ಟರಲ್ಲಿ ಪೇಟೆಯ ಕನ್ನಡಕದಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದಳು. ಮುದುಕರೊಬ್ಬರ ಮೂಗಿನ ಮೇಲೆ ಭಾರದ ಚೌಕಟ್ಟಿಟ್ಟು, ಗಾಜು ಬದಲಿಸುತ್ತ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಮೊದಲಿನದರಲ್ಲಾ?" ಎಂದು ಏಳೆಂಟು ಸಲ ಬೇಸರವಿಲ್ಲದೆ ಕೇಳುತ್ತಿದ್ದಳು. ಅವರನ್ನು ಕಳಿಸಿ, ಕೈ ಒರೆಸಿಕೊಂಡು, ಪತ್ರ ಓದಿದಳು.

"ಅಕ್ಷರ ನಿಮ್ಮದು ಸಾರ್. ಮಾತು ನಿಮ್ಮದಲ್ಲ. ಮೊದಲನೇದರಲ್ಲಿ ಏನು ಬರೆದಿದ್ರಿ?"

ಮೇಷ್ಟ್ರು ತಪ್ಪೊಪ್ಪಿಕೊಳ್ಳುವವರಂತೆ ಐದೂ ಸಾಲನ್ನು ಹೇಳಿದರು. ಅವಳು ತಲೆತಗ್ಗಿಸಿ ಕೇಳಿದಳು. ಮುಖವೆತ್ತಿದಾಗ ಕಣ್ಣು ತುಂಬಿದ್ದವು, ತುಟಿಯಲ್ಲಿ ನಗುವಿತ್ತು.

"ಮೂರಲ್ಲ ಸಾರ್, ನಾಲ್ಕು. ಒಂದನ್ನ ನಿಮಗೆ ತೋರಿಸೋ ಮುಂಚೆ ಸರಿಮಾಡ್ಬಿಟ್ಟಿದ್ದೆ."

ಮೇಷ್ಟ್ರು ನಕ್ಕರು. ನಗುತ್ತಲೇ ಬೀದಿಗೆ ಇಳಿದರು, ನಾಲ್ಕು ಹೆಜ್ಜೆ ಹೋಗಿ ನಿಂತರು, ಮತ್ತೆ ಹೊರಡಲಿಲ್ಲ. ಓಡಾಡುವ ಜನರ ನಡುವೆ, ಕೋಟಿನ ತೋಳನ್ನು ಕಣ್ಣಿಗೊತ್ತಿಕೊಂಡು, ಮಗುವಿನ ಹಾಗೆ ಅತ್ತರು. ನಾನು ಪಕ್ಕದಲ್ಲಿ ನಿಂತಿದ್ದೆ.

ನಿವೃತ್ತಿಯವರೆಗೆ ಉಳಿದ ಎರಡು ವರ್ಷ ಅವರು ಒಂದೂ ಪತ್ರ ಬರೆಯಲಿಲ್ಲ. ಕೇಳಿಕೊಂಡು ಬಂದವರಿಗೆ, "ನನ್ನದು ಬೇಡಪ್ಪ, ನಿನಗೆ ಕೆಟ್ಟದಾಗುತ್ತೆ" ಎಂದು ಎದುರುಕೋಣೆಗೆ ಕಳಿಸುತ್ತಿದ್ದರು. ನಿವೃತ್ತರಾದ ಮೂರನೆಯ ವರ್ಷ ತೀರಿಕೊಂಡರು. ಆ ಹೊತ್ತಿಗೆ ನಾನೂ ಹತ್ತಾರು ಜನರನ್ನು ದಶಕಕ್ಕೊಬ್ಬರೆಂದು ಬರೆದು ದಾಟಿಸಿದ್ದೆ.

ಇಂಥವರನ್ನು ನಾವು ಲೋಕಜ್ಞಾನವಿಲ್ಲದವರು ಎಂದು ಕರೆದು, ಮರುಕದಿಂದ ತಲೆಯಾಡಿಸಿ ಮುಂದೆ ಹೋಗುತ್ತೇವೆ. ಅದು ಅನ್ಯಾಯ. ಇವರಿಗೆ ಲೋಕ ಗೊತ್ತಿಲ್ಲವೆಂದಲ್ಲ. ಲೋಕದ ಮೇಲೆ ನಂಬಿಕೆ ಸ್ವಲ್ಪ ಹೆಚ್ಚು, ಅಷ್ಟೆ. ಇದ್ದದ್ದನ್ನು ಇದ್ದಷ್ಟೇ ಹೇಳಿ ಕಳಿಸುತ್ತಾರೆ. ಅದು ತಲುಪಿದ ಕಡೆ ತಮ್ಮ ಮಾತು ಬಲ್ಲವನೊಬ್ಬ ಇದ್ದೇ ಇರುತ್ತಾನೆ, ಎದ್ದು ನಿಂತು ಉಳಿದವರಿಗೆ ಅರ್ಥ ಹೇಳುತ್ತಾನೆ ಎಂಬ ಧೈರ್ಯದ ಮೇಲೆ ಇವರ ಬದುಕೆಲ್ಲ ನಡೆಯುತ್ತದೆ. ಆ ನಂಬಿಕೆಯಲ್ಲಿ ಮೇಷ್ಟ್ರ ತಪ್ಪೇನೂ ಇರಲಿಲ್ಲ. ಅಂಥವನೊಬ್ಬ ಅಲ್ಲಿದ್ದ. ಬಾಗಿಲಿನಿಂದ ಮೂರನೆಯ ಕುರ್ಚಿಯಲ್ಲಿ ಕುಳಿತಿದ್ದ.