ಪಟಿಕದ ಕಲ್ಲು

“ಕೈಲಿರೋದೇನು, ತೋರಿಸು,” ಅಂದ ಅಣ್ಣ.

ಮುಷ್ಟಿ ಬಿಚ್ಚಿದೆ. ಗಡ್ಡ ತೆಗೆದ ಮೇಲೆ ಗಿರಾಕಿಯ ಕೆನ್ನೆಗೆ ಉಜ್ಜುವ ಪಟಿಕದ ಕಲ್ಲು. ಅರ್ಧ ಕರಗಿತ್ತು.

“ಇದನ್ನ ಮೀನಿನ ತೊಟ್ಟಿಗೆ ಹಾಕಿದ್ಯಾ?”

“ಹಾಕ್ದೆ. ತಿಂಗಳಿಂದ ಆ ಪಾಚಿಗೆ ಜೋಗುಳ ಹಾಡ್ತಾ ಕೂತಿದ್ಯಲ್ಲ, ಯಾರಾದ್ರೂ ಏನಾದ್ರೂ ಮಾಡಬೇಕಲ್ಲ.”

“ಕತ್ತೆ,” ಅಂದ. ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನ್ನ ಬಾಯಲ್ಲಾದರೆ ದಿನಕ್ಕೆ ಹತ್ತು ಸಲ ಬರುತ್ತಿತ್ತು.

ನಮ್ಮದು ಎರಡು ಕುರ್ಚಿಯ ಕ್ಷೌರದಂಗಡಿ. ಇಪ್ಪತ್ತಾರು ವರ್ಷ ನಾವಿಬ್ಬರೂ ಬೆನ್ನಿಗೆ ಬೆನ್ನು ಹಾಕಿ ನಿಂತು, ಎದುರುಬದುರು ಕನ್ನಡಿಗಳಲ್ಲೇ ಮುಖ ನೋಡಿಕೊಂಡು ಮಾತಾಡಿದವರು. ಅಣ್ಣ ಶಿಳ್ಳೆ ಹಾಕುತ್ತಿದ್ದ, ನನ್ನ ಕತ್ತರಿ ಅದಕ್ಕೆ ತಾಳ ಹಾಕುತ್ತಿತ್ತು.

ಆ ವರ್ಷ ಅವನ ಬಲಗೈ ನಡುಗತೊಡಗಿತು. ಅವನು ಕತ್ತಿ ಎತ್ತಿದರೆ ಗಿರಾಕಿ ಉಸಿರು ಬಿಗಿಹಿಡಿಯುತ್ತಿದ್ದ. ಒಬ್ಬೊಬ್ಬರಾಗಿ ನನ್ನ ಕುರ್ಚಿಗೆ ಜಾರಿದರು. ಶಿಳ್ಳೆ ನಿಂತಿತು. ಅವನಿಗೆ ಉಳಿದದ್ದು ಮಕ್ಕಳ ತಲೆ, ಬರೀ ಕತ್ತರಿ ಕೆಲಸ. ಮಗುವೂ ಅಲ್ಲಾಡಿ, ಕೈಯೂ ಅಲ್ಲಾಡಿದರೆ ಕಿವಿ ಉಳಿಯುವುದು ಹೇಗೆ? ಅದಕ್ಕೇ ಅವನು ಉಪ್ಪುನೀರಿನ ತೊಟ್ಟಿ ತಂದು ತನ್ನ ಕನ್ನಡಿಯ ಕೆಳಗಿಟ್ಟ. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಎಂಥ ತುಂಟ ಮಗುವೂ ಬಾಯಿ ಬಿಟ್ಟುಕೊಂಡು ಕಲ್ಲಾಗಿ ಕೂರುತ್ತಿತ್ತು. ಶಿಳ್ಳೆ ಮತ್ತೆ ಕೇಳಿಸಿತು.

ಮೂರನೇ ವಾರ ಪಾಚಿ ಬಂತು. ಮೊದಲು ಮರಳಿನ ಮೇಲೆ ಕಂದು ಪುಡಿ, ಆಮೇಲೆ ಗಾಜಿಗೆಲ್ಲ ಚಹಾ ಚೆಲ್ಲಿದ ಹಾಗೆ. ಹೊಸ ತೊಟ್ಟಿಗೆ ಇದು ಇದ್ದದ್ದೇ, ದೀಪ ಕಡಿಮೆ ಉರಿಸಿ, ತಿಂಡಿ ಕಡಿಮೆ ಹಾಕಿ, ತಾನಾಗಿ ಹೋಗುತ್ತದೆ ಎಂದಿದ್ದನಂತೆ ಮೀನು ಮಾರಿದವನು. ಅಣ್ಣ ಹಾಗೇ ಮಾಡಿದ. ದಿನಾ ಬೆಳಗ್ಗೆ ಹಳೆಯ ಬ್ಲೇಡಿನಿಂದ ಮುಂದಿನ ಗಾಜನ್ನು ಮೆಲ್ಲಗೆ ಕೆರೆಯುತ್ತಿದ್ದ.

ಈಗ ಮೀನಿಗೂ ಗಡ್ಡ ತೆಗೀತೀಯೇನಯ್ಯಾ ಎಂದು ನಮ್ಮ ಹಳೇ ಗಿರಾಕಿ ಮೇಷ್ಟ್ರು ಕೆಣಕಿದರೆ, “ಅವು ನಿಮ್ಮಷ್ಟು ಮಾತಾಡಲ್ಲ ಮೇಷ್ಟ್ರೇ,” ಅನ್ನುತ್ತಿದ್ದ.

ಸಂಜೆಗೆ ಗಾಜು ಮತ್ತೆ ಕಂದು. ಮೀನು ಕಾಣದ ಮಕ್ಕಳು ಕುಣಿಯುತ್ತಿದ್ದವು. ಜಗಳದ ದಿನ ಬೆಳಗ್ಗೆ ಒಬ್ಬಳು ತಾಯಿ, ಮೊದಲು ಆ ಕೊಳಕು ತೊಟ್ಟಿ ತೊಳೆಯಿರಿ ಎಂದು ಮಗುವನ್ನು ಅಣ್ಣನ ಕುರ್ಚಿಯಿಂದ ಎತ್ತಿ ನನ್ನ ಕುರ್ಚಿಯಲ್ಲಿ ಕೂರಿಸಿದಳು. ಅಣ್ಣ ಕೂದಲಿಲ್ಲದ ಬಟ್ಟೆಯನ್ನೇ ಕೊಡವಿ ಮಡಚಿಟ್ಟ.

ಚಿಕ್ಕಂದಿನಲ್ಲಿ ಮಳೆಗಾಲದ ಹೊಸ ನೀರು ಬಂದಾಗ ಅಮ್ಮ ಕೆಂಪು ನೀರಿನ ಕೊಡದಲ್ಲಿ ಪಟಿಕವನ್ನು ಮೂರು ಸುತ್ತು ಆಡಿಸುತ್ತಿದ್ದಳು. ನಾವಿಬ್ಬರೂ ತಲೆಗೆ ತಲೆ ತಾಗಿಸಿ ಕೊಡದೊಳಗೆ ಬಗ್ಗುತ್ತಿದ್ದೆವು. ಮಣ್ಣು ಇಳಿದು, ನೀರು ತಿಳಿಯಾಗಿ, ನಮ್ಮ ಮುಖ ಕಾಣುವವರೆಗೆ ಅಣ್ಣ ಉಸಿರಾಡದೆ ಕಾಯುತ್ತಿದ್ದ. ನಾನು ನಡುವೆಯೇ ಕೈ ಅದ್ದಿ ಕದಡಿ ಗುದ್ದು ತಿನ್ನುತ್ತಿದ್ದೆ.

ಅದು ನೆನಪಾಗಿ, ಅವನು ಊಟಕ್ಕೆ ಹೋದಾಗ ಕಲ್ಲನ್ನು ತೊಟ್ಟಿಯಲ್ಲಿ ಆಡಿಸಿದೆ. ಮೂರು ಸುತ್ತಲ್ಲ, ಕೈ ಸೋಲುವವರೆಗೆ. ಅವನು ಬರುವಷ್ಟರಲ್ಲಿ ನೀರು ಹಾಲಿನ ಹಾಗಾಗಿತ್ತು. ಮೀನುಗಳು ಅಡ್ಡಬಿದ್ದು ಕಿವಿರು ಬಡಿಯುತ್ತಿದ್ದವು. ಅವನು ಬಕೆಟ್ಟಿನಲ್ಲಿ ಬೇರೆ ಉಪ್ಪುನೀರು ಕಲಸುತ್ತಿರುವಾಗಲೇ ಅವು ಬಡಿಯುವುದನ್ನು ನಿಲ್ಲಿಸಿದವು.

ತಪ್ಪಾಯಿತು ಅನ್ನಬೇಕಿತ್ತು. “ಮೀನಿಲ್ದಿದ್ರೆ ನಿನಗೆ ಕೆಲಸ ಮಾಡಕ್ಕೆ ಬರಲ್ವಾ?” ಅಂದುಬಿಟ್ಟೆ.

ಅಣ್ಣ ತನ್ನ ಒದ್ದೆ ಕೈ ನೋಡಿಕೊಂಡ. ನಡುಗುತ್ತಲೇ ಇತ್ತು.

“ಬರಲ್ಲ,” ಅಂದ.

ಕತ್ತರಿಯನ್ನು ಒರೆಸಿ, ನನ್ನ ಕತ್ತರಿಗಳ ಪಕ್ಕದಲ್ಲಿಟ್ಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಬಹಳ ಹೊತ್ತು ತೆಗೆದುಕೊಂಡ. ನಾನು ಅಭ್ಯಾಸಬಲದಿಂದ ಅವನನ್ನು ಕನ್ನಡಿಯಲ್ಲೇ ನೋಡುತ್ತಿದ್ದೆ. ನಾನು ತಿರುಗಲಿಲ್ಲ. ಅವನು ಮೆಟ್ಟಿಲಿಳಿದು ಹೋದ. ಮತ್ತೆ ಅದನ್ನು ಹತ್ತಲಿಲ್ಲ.