ಅಮ್ಮನ ಸೊನ್ನೆಗಳು

ಅಮ್ಮ ಸುಳ್ಳು ಬರೆಯುತ್ತಿದ್ದಾಳೆ, ನಾನು ನೋಡಿಯೂ ಬಾಯಿ ಬಿಡುತ್ತಿಲ್ಲ. ಮಗಳು ದಿನಚರಿಯಲ್ಲಿ ಇಷ್ಟು ಬರೆದು ಪುಸ್ತಕ ಮುಚ್ಚಿದಳು. ಡಿಗ್ರಿ ಮುಗಿಸಿದವಳೇ, ಆದರೂ ಬಸ್ಸಿನಲ್ಲಿ ‘ಇಳೀಬೇಕು’ ಎನ್ನಲಾಗದೆ ಮುಂದಿನ ಸ್ಟಾಪಿನಿಂದ ನಡೆದು ಬರುವ ಹುಡುಗಿ.

ಅಮ್ಮನ ಕಿಡ್ನಿ ಸೋತು ಮೂರು ವರ್ಷ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದರ ಮೇಲೆ ಈಗ ಮುಟ್ಟು ನಿಂತು, ಕೂತಲ್ಲೇ ಮೈಗೆ ಬೆಂಕಿ ಹೊತ್ತಿದಂತಾಗಿ ಬೆವರಿ ತೊಪ್ಪೆಯಾಗುತ್ತಿದ್ದಳು. ನೀರು ಕುಡಿಯೋಣವೆಂದರೆ ಅದಕ್ಕೂ ಅಳತೆ. ಹಾರ್ಮೋನು ಮಾತ್ರೆ ಬೇಡವೆಂದ ಕಿಡ್ನಿ ಡಾಕ್ಟರು ಆಕ್ಯುಪಂಕ್ಚರಿಗೆ ಆರು ವಾರ ಗಡುವು ಕೊಟ್ಟಿದ್ದರು. "ಉರಿ ಅರ್ಧಕ್ಕಿಳಿದ್ರೂ ಮುಂದುವರಿಸೋಣ. ಇಲ್ಲಾಂದ್ರೆ ಬಂದ್."

ಸೂಜಿ ಹಾಕುವಾಕೆಯನ್ನು ತಾಯಿ ಮಗಳಿಬ್ಬರೂ ಸೂಜಿಯಕ್ಕ ಎನ್ನುತ್ತಿದ್ದರು. ಡಯಾಲಿಸಿಸ್ಸಿನ ಎಡಗೈಯನ್ನು ಮರೆತೂ ಚುಚ್ಚಬಾರದೆಂದು ಅವಳು ಮೊದಲು ಅದಕ್ಕೊಂದು ಕೆಂಪು ರಿಬ್ಬನ್ ಕಟ್ಟಿ, ಆಮೇಲೆ ಬಲಗೈಗೆ, ಕಾಲಿಗೆ ಕೂದಲೆಳೆಯಂಥ ಸೂಜಿ ಇಳಿಸುತ್ತಿದ್ದಳು. ಉರಿ ಬಂದಾಗಲೆಲ್ಲ ಗೀಟು ಹಾಕಲು ಒಂದು ಹಾಳೆ ಕೊಟ್ಟಿದ್ದಳು.

ಎರಡನೇ ವಾರದಿಂದಲೇ ಅಮ್ಮ ಅದರಲ್ಲಿ ಸೊನ್ನೆ ಸುತ್ತತೊಡಗಿದಳು.

"ಪಾಪ, ಎಷ್ಟು ಅಕ್ಕರೆಯಿಂದ ಮಾಡ್ತಾಳೆ ಕಣೇ. ಅವಳಿಗೆ ಬೇಜಾರಾಗಬಾರದು."

ಅಮ್ಮ ಬೀಸಿಕೊಳ್ಳಲು ರಟ್ಟು ಎತ್ತಿದಾಗಲೆಲ್ಲ ಮಗಳು ತನ್ನ ದಿನಚರಿಯ ಅಂಚಿನಲ್ಲಿ ಗೀಟು ಎಳೆದಳು.

ಗಡುವಿನ ದಿನ ಡಾಕ್ಟರು ಹಾಳೆ ನೋಡಿ ಕನ್ನಡಕ ಇಳಿಸಿದರು. "ಐದು ವಾರ ಬರೀ ಸೊನ್ನೆ? ಇದು ಚಿಕಿತ್ಸೆ ಅಲ್ಲಮ್ಮ, ಪವಾಡ. ಇದನ್ನ ನಂಬಿ ನಾನು ಬರೆದುಕೊಡಲ್ಲ. ಸೂಜಿ ನಿಲ್ಲಿಸಿ."

"ಅಯ್ಯೋ ಸಾರ್, ನಿಜವಾಗ್ಲೂ..." ಎನ್ನುವಷ್ಟರಲ್ಲಿ ಅಮ್ಮನ ಮುಖ ಕೆಂಪೇರಿತು. ಕೈ ತಾನಾಗಿಯೇ ಆ ಸೊನ್ನೆಗಳ ಹಾಳೆಯನ್ನೆತ್ತಿ ಪಟಪಟ ಬೀಸಿಕೊಂಡಿತು.

"ಇದೂ ಸೊನ್ನೆನಾ?" ಎಂದರು ಡಾಕ್ಟರು.

ಅಮ್ಮ ತಲೆ ತಗ್ಗಿಸಿದಳು. ಮಗಳು ಚೀಲದಿಂದ ದಿನಚರಿ ತೆಗೆದು, ಬರೆದಿದ್ದನ್ನೆಲ್ಲ ಅಂಗೈಯಲ್ಲಿ ಮುಚ್ಚಿ, ಅಂಚನ್ನಷ್ಟೇ ಮೇಜಿನ ಮೇಲೆ ಮುಂದೆ ತಳ್ಳಿದಳು. ಡಾಕ್ಟರು ಕಣ್ಣು ಕಿರಿದು ಮಾಡಿದರು. "ಇರುವೆ ಸಾಲಿದ್ದ ಹಾಗಿದೆ. ಬಾಯಲ್ಲಿ ಹೇಳಮ್ಮ."

ಮಗಳಿಗೆ ಬಸ್ಸು ಮತ್ತೊಂದು ಸ್ಟಾಪು ದಾಟಿಹೋಗುತ್ತಿರುವಂತೆನಿಸಿತು. ಅವಳು ಎದ್ದು ನಿಂತಳು. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅವಳ ದನಿ ಹೊರಟಿತು:

"ಸೊನ್ನೆ ಸುಳ್ಳು, ಡಾಕ್ಟ್ರೇ! ಮೊದಲು ದಿನಕ್ಕೆ ಹನ್ನೊಂದು ಸಲ ಬರ್ತಿತ್ತು. ಈಗ ನಾಲ್ಕೇ ನಾಲ್ಕು!"