ಕೂರಲು ಹಲಗೆಯಿಲ್ಲದ ಕಟಕಟೆ

ನಾನು ಒಂದು ಸಾಕ್ಷಿ ಕಟಕಟೆ. ದಾಂಡೇಲಿಯ ಸಾಗವಾನಿಯಿಂದ ಧಾರವಾಡದ ಮೌನೇಶ ಬಡಿಗೇರ ನನ್ನನ್ನು ಮಾಡಿದ. ಮೂರು ಕಡೆ ಕಂಬಿ, ಹತ್ತಲು ಒಂದು ಮೆಟ್ಟಿಲು. ಒಳಗೆ ಕೂರಲು ಹಲಗೆ ಬಡಿಯಹೊರಟಾಗ ಕೋರ್ಟಿನ ಶಿರಸ್ತೇದಾರರು ತಡೆದರು.

"ಏನೋ, ಬೀಗರಿಗೆ ಮಂಚ ಮಾಡಾಕತ್ತೀಯೇನು? ಸಾಕ್ಷಿ ಹೇಳಾವ್ರು ನಿಂತ ಹೇಳ್ತಾರ."

ಮೌನೇಶ ಹಲಗೆಯನ್ನು ಮನೆಗೆ ಒಯ್ದ.

ಕೋರ್ಟಿನಲ್ಲಿ ನಾನು ಜನರನ್ನು ಕೆಳಗಿನಿಂದ ಕಂಡೆ. ಚಪ್ಪಲಿ ಬಿಟ್ಟು ಬಂದ ಪಾದಗಳು, ಕಂಬಿ ಹಿಡಿದ ಬೆವರುಗೈಗಳು. ಮೊದಮೊದಲು ಪ್ರತಿ ಕೈಯ ಬಿಗಿಯೂ ನನ್ನೊಳಗೆ ಇಳಿಯುತ್ತಿತ್ತು. ಆಮೇಲೆ ಇಳಿಯಲಿಲ್ಲ. ಅದಕ್ಕೆ ಬೇಸರವೂ ಆಗಲಿಲ್ಲ.

ಶಾಲ್ಮಲಾ ಬಂದ ದಿನವೂ ಹಾಗೇ ಇದ್ದೆ. ಜರ್ಮನಿಯಲ್ಲಿ ಸಂಸಾರ ಮಾಡಿ, ಅಲ್ಲೇ ವಿಚ್ಛೇದನವಾಗಿ, ಮಗಳು ಇರಾಳೊಂದಿಗೆ ತವರಿಗೆ ಬಂದವಳು. ಅಲ್ಲಿನ ನ್ಯಾಯಾಧೀಶರು ಮಗುವನ್ನು ಅವಳಿಗೇ ಒಪ್ಪಿಸಿದ್ದರು. ಈಗ ಗಂಡನೂ ಊರಿಗೆ ಮರಳಿ, ಮಗಳು ತನಗೆ ಬೇಕೆಂದು ಇಲ್ಲಿ ಅರ್ಜಿ ಹಾಕಿದ್ದ.

ಅವಳ ವಕೀಲ ಪತ್ತಾರರು ನನ್ನ ಪಕ್ಕದಲ್ಲೇ ಮೆಲ್ಲಗೆ ಕೇಳಿದರು. "ಅಕ್ಕಾರ, ನನಗ ಹೇಳೂದು ಇನ್ನೇನರ ಉಳದೈತೇನ್ರಿ?"

"ಜಡ್ಜ್ ಸಾಹೇಬ್ರು ಕೇಳಿದಾಗ ಹೇಳ್ತೇನ್ರಿ. ಜರ್ಮನಿಯಾಗೂ ಹಂಗ ಇತ್ತು. ವಕೀಲರು ಸುಮ್ಮ ಕುಂತಿದ್ರು. ಮಗಳ ತಲಿ ಯಾರು ಬಾಚ್ತೀರಿ, ಜ್ವರ ಬಂದ್ರ ಯಾರು ಎದ್ದಿರ್ತೀರಿ, ಎಲ್ಲಾ ಜಡ್ಜೇ ಕೇಳಿದ್ರು. ನಂಗ ಕುರ್ಚಿನೂ ಕೊಟ್ಟಿದ್ರು."

"ಕುರ್ಚಿ ಇಲ್ಲಿ ಸಿಗೂದಿಲ್ರಿ," ಎಂದು ಪತ್ತಾರರು ನಕ್ಕರು. ಅವರ ಕಿವಿಗೆ ಬಿದ್ದದ್ದು ಕುರ್ಚಿಯಷ್ಟೇ. ಅಷ್ಟರಲ್ಲಿ ಜವಾನ ಅವಳ ಹೆಸರು ಕೂಗಿದ.

ಗಂಡನ ಕಡೆಯ ವಕೀಲರು ಎದ್ದರು. "ಜರ್ಮನಿಯಾಗ ಒಂದಿನ ಹೊರಗ ಹಿಮಾ ಬೀಳ್ತಿತ್ತು. ಮಗೂನ್ನ ಒಳಗ ಬಿಟ್ಟು, ಕೀಲಿ ಹಾಕಿ ಹೋದ್ರಿ. ಹೌದೋ ಅಲ್ಲೋ?"

"ಹೌದು, ಆದ್ರ..."

"ಅಷ್ಟು ಸಾಕು."

ಅವಳು ನ್ಯಾಯಾಧೀಶರತ್ತ ನೋಡಿದಳು. ಅವರು ಟೈಪಿಸ್ಟಿಗೆ ಹೇಳಿ ಬರೆಸುತ್ತಿದ್ದರು. ಅವಳು ಕಾದಳು. ಪತ್ತಾರರು ಅರ್ಧ ಎದ್ದರು. ಆ 'ಆದರೆ'ಯ ಹಿಂದೆ ಏನಿದೆಯೋ, ಕೆದಕಿದರೆ ಏನು ಹೊರಬೀಳುತ್ತದೋ ಎಂದು ಅಳುಕಿ, "ನಮ್ಮದೇನಿಲ್ಲ ಸ್ವಾಮಿ," ಎಂದು ಕೂತುಬಿಟ್ಟರು.

"ಇಳೀರಿ," ಎಂದರು ನ್ಯಾಯಾಧೀಶರು.

ಅವಳ ಬೆರಳುಗಳು ಕಂಬಿ ಬಿಡಲಿಲ್ಲ. "ಜ್ವರಾ ಸುಡ್ತಿತ್ತು ಅಕಿಗೆ. ಔಷಧಕ್ಕ ಹೋಗಿದ್ದೆ," ಎಂದಳು, ನನಗಷ್ಟೇ ಕೇಳುವಂತೆ. ಆಮೇಲೆ ಇಳಿದಳು.

ತೀರ್ಪು ಗಂಡನ ಕಡೆಗಾಯಿತು. ಆ ದಿನ ಇರಾ ನನ್ನ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಂಡಳು. ನನ್ನಲ್ಲಿ ಕೂತವಳು ಅವಳೊಬ್ಬಳೇ. ಆಮೇಲೆ ಅಪ್ಪನ ಕೈ ಬಂತು, ಬೂಟುಗಳು ಹೋದವು. ಶಾಲ್ಮಲಾಳ ಪಾದಗಳು ಗೋಡೆಯ ಬದಿಯಲ್ಲೇ ಇದ್ದವು. ನನಗೆ ಏನೂ ಅನಿಸಲಿಲ್ಲ. ಬೂಟು ಕೆಂಪಗಿತ್ತೆಂದು ಮಾತ್ರ ನೆನಪಿದೆ.

ಹೊಸ ಕಟ್ಟಡವಾದ ಮೇಲೆ ನನ್ನನ್ನು ಒಂದು ಲಾ ಕಾಲೇಜಿಗೆ ಕೊಟ್ಟರು. ಈಗ ನನ್ನ ಒಂದು ಕಾಲು ಸಡಿಲ. ಮೂಲೆಯಲ್ಲಿರುತ್ತೇನೆ, ಪೊರಕೆ ನನಗೆ ಒರಗಿರುತ್ತದೆ. ಅಣಕು ನ್ಯಾಯಾಲಯ ನಡೆಸುವಾಗಷ್ಟೇ ಧೂಳು ಒರೆಸಿ ಎಳೆಯುತ್ತಾರೆ.

ಮೊನ್ನೆ ಹಾವನೂರ ಮೇಡಂ ಪಾಠ ಹೇಳುತ್ತಿದ್ದರು. "ಅಮೆರಿಕಾದಾಗ ಸಾಕ್ಷಿ ಕುಂತು ಹೇಳ್ತಾನ. ಫ್ರಾನ್ಸಿನಾಗ ನಿಂತು. ಜರ್ಮನಿಯಾಗ ಮೊದಲು ಜಡ್ಜ್ ಕೇಳ್ತಾರ, ನಮ್ಮಲ್ಲಿ ವಕೀಲರು."

"ನಮ್ಮ ಜಡ್ಜ್ ಕೇಳಬಾರದೇನ್ರಿ?" ಎಂದಳು ಹಿಂದಿನ ಬೆಂಚಿನ ಒಬ್ಬ ಹುಡುಗಿ.

"ಯಾಕ ಬಾರದು? ಏನ್ ಬೇಕಾದ್ರೂ ಕೇಳಬಹುದು. ಕೇಳೂದು ಕಡಿಮಿ, ಅಷ್ಟ. ನೀನ ಇವತ್ತು ಜಡ್ಜ್ ಆಗು, ಬಾ."

ಆಟ ಶುರುವಾಯಿತು. ಸಾಕ್ಷಿಯಾದ ಹುಡುಗ ನನ್ನ ಮೇಲೆ ಹತ್ತಿ, ವಕೀಲನ ಪ್ರಶ್ನೆಗೆ ಹಾಳೆ ನೋಡಿ ಉತ್ತರ ಓದಿದ. "ಹೌದು, ಆದರೆ..."

"ಅಷ್ಟು ಸಾಕು," ಎಂದ ವಕೀಲನಾದವನು.

"ತಡೀರಿ," ಎಂದಳು ಹುಡುಗಿ. "ಆದರೆ, ಏನು?"

ಸಾಕ್ಷಿ ಹಾಳೆ ತಿರುವಿದ. "ಮೇಡಂ, ಮುಂದ ಇದರಾಗ ಏನೂ ಬರದಿಲ್ರಿ."

ಎಲ್ಲರೂ ಘೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಪೆನ್ನು ಹಿಡಿದುಕೊಂಡು ಕಾಯುತ್ತಲೇ ಇದ್ದಳು. ಬಹಳ ವರ್ಷಗಳ ಮೇಲೆ ನನ್ನ ಕಂಬಿಗೆ, ಬಿಡಲೊಲ್ಲದ ಬೆರಳುಗಳ ಬಿಗಿ ತಿಳಿಯಿತು. ಹುಡುಗನ ಕೈಗಳಾದರೋ ಹಾಳೆಯ ಮೇಲಿದ್ದವು.